ತೊಕುಹೆಯ್‌ನ ಎರಡು ರಕ್ತದೊತ್ತಡ

ಕ್ಷೌರಿಕ ತೊಕುಹೆಯ್‌ಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಒಂದಲ್ಲ, ಎರಡು ರಕ್ತದೊತ್ತಡ ಗಂಟುಬಿದ್ದವು. ಊರಿನ ವಾರ್ಷಿಕ ತಪಾಸಣೆಯಲ್ಲಿ ನೂರ ಅರವತ್ತೆಂಟು. ಮನೆಗೆ ಬಂದು, ಬೆನ್ನು ನೆಟ್ಟಗಿಟ್ಟು ಕೂತು, ಎರಡು ನಿಮಿಷ ಸುಧಾರಿಸಿಕೊಂಡು ತನ್ನದೇ ಯಂತ್ರದಲ್ಲಿ ನೋಡಿದರೆ ನೂರ ಇಪ್ಪತ್ನಾಲ್ಕು. ಹತ್ತು ದಿನ ಬೆಳಿಗ್ಗೆ ಸಂಜೆ ಅಳೆದು ಪುಸ್ತಕದಲ್ಲಿ ಬರೆದಿಟ್ಟ. ನೂರ ಮೂವತ್ತು ದಾಟಲೇ ಇಲ್ಲ.

ಯಾವುದು ನಿಜ? ಇದು ಬರೀ ಅಂಕಿಯ ಪ್ರಶ್ನೆಯಾಗಿದ್ದರೆ ತೊಕುಹೆಯ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಹೆಂಡತಿ ಮಿತ್ಸುಯೊ ತೀರ್ಪು ಕೊಟ್ಟಾಗಿತ್ತು: ನೂರ ಅರವತ್ತೆಂಟೇ ನಿಜವಾದರೆ ಉಪ್ಪಿನಕಾಯಿಯ ಪೀಪಾಯಿ ಯೊಕೊತೆಯಲ್ಲಿರುವ ಅವಳ ತಮ್ಮನ ಮನೆಗೆ. ಮೂಲಂಗಿಯನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಾಡಿಸಿ, ಉಪ್ಪು ತೌಡಿನಲ್ಲಿ ಹೂತಿಟ್ಟ ಆ ಉಪ್ಪಿನಕಾಯಿ ಇಲ್ಲದೆ ಅಕಿತಾ ಸೀಮೆಯಲ್ಲಿ ಹುಟ್ಟಿದವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಅದರಲ್ಲೂ ಮಿತ್ಸುಯೊಳ ಕೈರುಚಿ ಇಡೀ ಬೀದಿಗೇ ಹೆಸರುವಾಸಿ.

ಪಕ್ಕದ ಮನೆಯ ಶಿಗೆಕೊ ಆರೋಗ್ಯ ಸಂಘದ ಸ್ವಯಂಸೇವಕಿ. ಉಪ್ಪಳೆಯುವ ಕಡ್ಡಿ ಹಿಡಿದು ಮನೆಮನೆಗೆ ಹೋಗಿ, ಮಿಸೊ ಎಂಬ ಉಪ್ಪುಪ್ಪು ಸೋಯಾ ಮುದ್ದೆ ಕದಡಿ ಕುದಿಸುತ್ತಿರುವ ಸಾರಿನಲ್ಲಿ ಅದ್ದಿ, ಅಂಕಿ ನೋಡಿ ಮುಖ ಕಿವುಚುವುದು ಆಕೆಯ ಸೇವೆ.

"ಮನೆ ಯಂತ್ರ ಸಾಕಿದ ನಾಯಿ ಇದ್ದ ಹಾಗೆ ತೊಕುಹೆಯ್ ಸಾನ್. ಯಜಮಾನನ್ನ ಕಚ್ಚಲ್ಲ. ಆಸ್ಪತ್ರೆ ಲೆಕ್ಕಾನೇ ಲೆಕ್ಕ" ಎಂದಳು ಆಕೆ.

"ಅಲ್ಲಿ ಬಿಳಿ ಕೋಟು ನೋಡಿದ್ರೇನೇ ನನಗೆ ಎದೆ ಡವಡವ ಅನ್ನುತ್ತೆ ಕಣಮ್ಮ!"

"ನೀವು ದಿನಾ ಹಾಕ್ಕೊಳ್ಳೋದೂ ಬಿಳಿ ಕೋಟೇ ಅಲ್ವಾ? ಕನ್ನಡೀಲಿ ನೋಡ್ಕೊಂಡಾಗ ಏನೂ ಅನ್ಸಲ್ವಾ?"



ಕೊನೆಗೆ ಡಾಕ್ಟರ್ ಹಿರಾಗಾ ಮೂರನೆಯ ದಾರಿ ಹೇಳಿದರು. ಮಂಗಳವಾರ ಬೆಳಿಗ್ಗೆ ಅವನ ಎಡತೋಳಿಗೆ ಪಟ್ಟಿ ಸುತ್ತಿ, ಸೊಂಟಕ್ಕೆ ಪುಟ್ಟ ಯಂತ್ರ ಕಟ್ಟಿದರು. "ಇಪ್ಪತ್ನಾಲ್ಕು ಗಂಟೆ ಇರಲಿ. ಅರ್ಧ ಗಂಟೆಗೊಂದ್ಸಲ ತಾನೇ ಬಿಗಿಯುತ್ತೆ. ಆಗ ಇದ್ದಲ್ಲೇ ಇದ್ದ ಹಾಗೇ ನಿಂತ್ಬಿಡಿ. ಅಲುಗಾಡಬಾರ್ದು, ಮಾತಾಡಬಾರ್ದು. ಉಳಿದಂತೆ ದಿನಾ ಇರೋ ಹಾಗೇ ಇರಿ."

ಡಾಕ್ಟರು ಗೆರೆ ಎಳೆದರೆ ಆ ಗೆರೆಯ ಮೇಲೇ ನಡೆಯುವ ಊರು ಅದು. ತೊಕುಹೆಯ್ ಯಂತ್ರದ ಮೇಲೆ ಕೋಟು ತೊಟ್ಟು, ಯಾರಿಗೂ ಏನೂ ಹೇಳದೆ ಅಂಗಡಿಯ ಬಾಗಿಲು ತೆರೆದ.

ಮೊದಲ ಗಿರಾಕಿ ಮೀನಂಗಡಿಯ ಗೊಂದಾ. ಕುರ್ಚಿಯಲ್ಲಿ ಹಿಂದಕ್ಕೊರಗಿ, ಮುಖದ ತುಂಬ ನೊರೆ ಬಳಿಸಿಕೊಂಡು, ಬಂಗಡೆಯ ವ್ಯಾಪಾರ ಬಿದ್ದುಹೋದ ಕತೆ ಹೇಳುತ್ತಿದ್ದ. ತೊಕುಹೆಯ್ ಹೂಂಗುಟ್ಟುತ್ತಾ ಗಂಟಲ ಗಂಟಿನ ಮೇಲೆ ಕತ್ತಿ ಇಟ್ಟ. ಅಷ್ಟರಲ್ಲಿ ಸೊಂಟದಲ್ಲಿ ಯಂತ್ರ ಗುರ್ರ್ ಎಂದಿತು. ತೊಕುಹೆಯ್ ಇದ್ದ ಹಾಗೇ ನಿಂತ. ಎಡಗೈ ಜೋತುಬಿತ್ತು. ಕಣ್ಣು ಮುಚ್ಚಿ, ಪೀಪಾಯಿಯನ್ನು ನೆನೆದು, ಉಸಿರನ್ನು ಸಣ್ಣಗೆ ಬಿಡತೊಡಗಿದ.

"ಆಮೇಲೆ ನಾನು ಅವನಿಗೆ ಹೇಳ್ದೆ..." ಎಂದ ಗೊಂದಾ. ಹೂಂ ಬರಲಿಲ್ಲ. ಕತ್ತಿಯೂ ಸರಿಯಲಿಲ್ಲ. ಕಣ್ಣು ಮೇಲೆತ್ತಿ ನೋಡಿದರೆ ಕ್ಷೌರಿಕನ ಮುಖ ದೇವರ ವಿಗ್ರಹದಂತೆ ನಿಶ್ಚಲ.

"ತೊಕುಹೆಯ್ ಸಾನ್? ರೀ... ಕೇಳಿಸ್ತಿದ್ಯಾ?" ಗೊಂದಾನ ತುಟಿ ಮಾತ್ರ ಅಲುಗಿತು. ಅದಕ್ಕಿಂತ ಹೆಚ್ಚು ಅಲುಗಾಡುವ ಧೈರ್ಯ ಅವನಿಗಿರಲಿಲ್ಲ.

ಸರಿಯಾಗಿ ಆಗಲೇ ಶಿಗೆಕೊ ಬಾಗಿಲಲ್ಲಿ ಇಣುಕಿದಳು. "ಅಯ್ಯೋ! ಪಾರ್ಶ್ವವಾಯು! ನಿಂತಲ್ಲೇ ಹೊಡೆದಿದೆ! ನಾನು ಹೇಳ್ಲಿಲ್ವಾ? ಎಲ್ಲಾ ಆ ಉಪ್ಪಿನಕಾಯಿಂದ!"

"ಕೂಗ್ಬೇಡಿ ತಾಯಿ, ಕತ್ತಿ ಜಾರೀತು" ಎಂದು ಗೊಂದಾ ನೊರೆಯೊಳಗಿಂದ ಪಿಸುಗುಟ್ಟಿದ.

ತೊಕುಹೆಯ್‌ಗೆ ಎಲ್ಲವೂ ಕೇಳಿಸುತ್ತಿತ್ತು. ಬಾಯಿ ಬಿಟ್ಟರೆ ಅಂಕಿ ಏರುತ್ತದೆ, ಅಂಕಿ ಏರಿದರೆ ಪೀಪಾಯಿ ಹೋಗುತ್ತದೆ. ಹಲ್ಲು ಕಚ್ಚಿ ನಿಂತ. ಪಟ್ಟಿ ಸಡಿಲವಾಗಿ ಅವನು ಬಾಯಿ ತೆರೆಯುವ ಹೊತ್ತಿಗೆ ಶಿಗೆಕೊ ಫೋನು ಮಾಡಿ ಮುಗಿಸಿದ್ದಳು.

ಆಂಬುಲೆನ್ಸ್ ಬಂತು. ಹಿಂದೆಯೇ ಅರ್ಧ ಬೀದಿ ಬಂತು. ಸಿಬ್ಬಂದಿ ಅವನ ವಿವರಣೆಗೆ ಕಾಯದೆ ಬಲತೋಳಿಗೂ ಒಂದು ಪಟ್ಟಿ ಸುತ್ತಿದರು. ನೂರ ಎಂಬತ್ತೆರಡು!

"ನೋಡಿದ್ರಾ?" ಎಂದಳು ಶಿಗೆಕೊ.

"ಆಂಬುಲೆನ್ಸ್ ಮನೆಬಾಗಿಲಿಗೆ ಬಂದ್ರೆ ಯಾರಿಗೆ ಏರಲ್ಲ ಹೇಳಿ!" ತೊಕುಹೆಯ್ ಸಿಬ್ಬಂದಿಗೆ ಕ್ಷಮೆ ಕೇಳಿ ತಲೆಬಾಗಿದ, ಶಿಗೆಕೊಗೆ ಬಾಗಿದ, ನೆರೆದವರಿಗೆ ಬಾಗಿದ. ನಾಲ್ಕನೆಯ ಸಲ ಬಾಗಿದಾಗ ಯಂತ್ರ ಮತ್ತೆ ಗುರ್ರ್ ಎಂದಿತು. ಹಾಗೇ ಬಾಗಿಯೇ ನಿಂತ. ಅವನು ಏಳುವ ಮುನ್ನ ತಾವು ಏಳುವುದು ಮರ್ಯಾದೆಯಲ್ಲವೆಂದು ಸಿಬ್ಬಂದಿಯವರೂ ಬಾಗಿಯೇ ನಿಂತರು. ಅರ್ಧ ಮುಖ ಬೋಳಿಸಿದ ಗೊಂದಾ ಈ ಸಂದಿಯಲ್ಲಿ ಕುರ್ಚಿಯಿಂದಿಳಿದು ಮನೆಗೆ ಓಡಿದ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಮುಂದೆ ಕೂತರು. ತೊಕುಹೆಯ್‌ಗೆ ನಿದ್ದೆ ಹತ್ತಿರಲಿಲ್ಲ. ಸಾಯುವುದಕ್ಕೆ ಹೆದರದವನು ಸಪ್ಪೆ ಊಟಕ್ಕೆ ಹೆದರಿ ಕೂತಿದ್ದ.

"ಈ ಹತ್ತು ಗಂಟೆ ಹೊತ್ತಿಗೆ ಏನಾಯ್ತು?" ಎಂದರು ಹಿರಾಗಾ.

"ಸಾರ್ವಜನಿಕರು ಬಂದಿದ್ರು."

"ಇರಲಿ. ದಿನದ ಸರಾಸರಿ ನೂರ ಇಪ್ಪತ್ತೆರಡು. ನಿಮಗೆ ಏನೂ ಇಲ್ಲ. ನಮ್ಮನ್ನ ಕಂಡಾಗ ಮಾತ್ರ ಏರುತ್ತೆ, ಅಷ್ಟೆ."

ತೊಕುಹೆಯ್ ಹೆಂಡತಿಯ ಕಡೆ ತಿರುಗಿ ಇಷ್ಟಗಲ ನಕ್ಕ. ಅವಳು ನಗಲಿಲ್ಲ.

"ನಿಮ್ಮ ಮನೆ ಯಂತ್ರ ಸರಿ ಇದ್ಯಾ ಅಂತಾನೂ ನೋಡ್ಬಿಡೋಣ" ಎಂದು ನರ್ಸ್ ಅವರು ತಂದಿದ್ದ ಚೀಲದಿಂದ ಅದನ್ನು ತೆಗೆದು, ಹತ್ತಿರ ಕೂತಿದ್ದ ಮಿತ್ಸುಯೊಳ ತೋಳಿಗೇ ಸುತ್ತಿದಳು. ನೂರ ಎಪ್ಪತ್ನಾಲ್ಕು. ಆಸ್ಪತ್ರೆಯ ಯಂತ್ರದಲ್ಲಿ ನೋಡಿದಳು. ನೂರ ಎಪ್ಪತ್ಮೂರು.

"ಆಹಾ, ಒಂದೇ ಒಂದು ವ್ಯತ್ಯಾಸ! ಎಂಥಾ ಪ್ರಾಮಾಣಿಕ ಯಂತ್ರ ನಮ್ಮದು!" ಎಂದು ತೊಕುಹೆಯ್ ತೊಡೆ ತಟ್ಟಿದ. ತಟ್ಟಿದ ಕೈ ಅಲ್ಲೇ ಉಳಿಯಿತು. ಅಂಕಿ ಯಾರದೆಂದು ಆಗಷ್ಟೇ ಅವನ ತಲೆಗೆ ಹೋಯಿತು.

"ಇವಳದೂ ನನ್ನ ಥರಾನೇ ಡಾಕ್ಟ್ರೇ. ನಿಮ್ಮ ಕೋಟು ನೋಡಿ..."

"ಮನೇಲೂ ಇಷ್ಟೇ ಇರುತ್ತೆ" ಎಂದಳು ಮಿತ್ಸುಯೊ, ನೆಲ ನೋಡುತ್ತಾ. "ನೀವು ಅಂಗಡಿಗೆ ಇಳಿದ್ಮೇಲೆ ದಿನಾ ನೋಡ್ಕೋತೀನಿ. ಎರಡು ವರ್ಷ ಆಯ್ತು."

"ಹೇಳ್ಬಾರ್ದಾಗಿತ್ತೇನೇ?"

"ಏನಂತ ಹೇಳ್ಲಿ? ಊರಿಗೆಲ್ಲಾ ಉಪ್ಪಿನಕಾಯಿ ಹಂಚೋಳು ನಾನು. ಶಿಗೆಕೊ ಸಾನ್ ಬಾಯಿಗೆ ಬೀಳ್ಲಾ? ಕಣ್ಣೆದುರು ಪೀಪಾಯಿ ಇದ್ರೆ ನನ್ನ ಕೈಯಂತೂ ನಿಲ್ಲಲ್ಲ, ನೀವು ಒಂದು ಹೋಳು ತಿಂದ್ರೆ ನಾನು ಮೂರು. ರೀ, ನಿಮ್ಮ ನೂರ ಅರವತ್ತೆಂಟೇ ನಿಜ ಆಗ್ಲಿ ಅಂತ ದೇವರಿಗೆ ಹರಕೆ ಹೊತ್ತಿದ್ದೆ. ನಿಮ್ಮ ನೆಪದಲ್ಲಾದ್ರೂ ಆ ಪೀಪಾಯಿ ಹೋಗ್ಲಿ ಅಂತ."

ತೊಕುಹೆಯ್‌ಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎರಡು ವರ್ಷದಿಂದ ಇವಳು ಒಬ್ಬಳೇ ಹೆದರಿಕೊಂಡು ಕೂತಿದ್ದಳಲ್ಲ ಎನ್ನಿಸಿತು.

ಆ ಬೆಳಿಗ್ಗೆಯೇ ತಾನೇ ಪೀಪಾಯಿಯನ್ನು ಹೊತ್ತು ಯೊಕೊತೆಯ ಗಾಡಿಗೆ ಹಾಕಿದ. ಏನೂ ಕಾಯಿಲೆ ಇಲ್ಲದ ಮನುಷ್ಯ ಮಧ್ಯಾಹ್ನ ಊಟಕ್ಕೆ ಕೂತ. ತಟ್ಟೆಯಲ್ಲಿ ಬೇಯಿಸಿದ ಪಾಲಕ್, ಬಟ್ಟಲಲ್ಲಿ ಮಿಸೊ ತೋರಿಸಿ ತೆಗೆದಂಥ ನೀರು.

"ಹೇಗಿದೆ?"

"ಚೆನ್ನಾಗಿದೆ."

"ಸುಳ್ಳು. ನನಗೇ ಗಂಟಲಲ್ಲಿ ಇಳೀತಿಲ್ಲ."

ತೊಕುಹೆಯ್ ಬಟ್ಟಲು ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡ.