ನಾಲ್ಕು ಜನರಿಗೆಂದು ತಂದ ವ್ಯಾನು

ಮಕ್ಕಳಾದ ಮೇಲೆ ದೊಡ್ಡ ಗಾಡಿ ತೆಗೆದುಕೋ ಎಂದು ಉಪದೇಶ ಮಾಡುವವರು, ಅದರಲ್ಲಿ ಕೂರುವವರೂ ತಾವೇ ಎಂಬುದನ್ನು ಮೊದಲೇ ಹೇಳುವುದಿಲ್ಲ. ನನ್ನ ಪಾಡು ಕೇಳಿ.

ಬೈಕು ಹೋಯಿತು

ಬೈಕಿನ ಟ್ಯಾಂಕಿನ ಮೇಲೆ ಮಗಳು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಮಗ. ಬ್ರಹ್ಮಾವರದಲ್ಲಿ ಒಮ್ಮೆ ಮಳೆ ಹೊಡೆದಾಗ ನಾಲ್ವರೂ ಒಂದೇ ರೈನ್‌ಕೋಟಿಗೆ ನುಗ್ಗಲು ನೋಡಿದೆವು. ಹೆಂಡತಿ, "ಒಂದಾ ಈ ಬೈಕ್ ಮಾರಿ, ಇಲ್ದಿರೆ ನನ್ನ್ ಅಪ್ಪನ್ ಮನಿಗ್ ಬಿಡಿ" ಎಂದಳು. ನಾನು ಸ್ವಲ್ಪ ಯೋಚಿಸಿದೆ. ಹಾಗೆ ಯೋಚಿಸಿದ್ದನ್ನು ಅವಳು ಇವತ್ತಿಗೂ ಮರೆತಿಲ್ಲ.

ಬೈಕು ಮಾರಿ ಸೆಕೆಂಡ್ ಹ್ಯಾಂಡ್ ಬಿಳಿ ವ್ಯಾನು ತಂದೆ. ನಾವು ನಾಲ್ಕೇ ಜನ ಆರಾಮಾಗಿ ಬೈಂದೂರಿನ ಅವಳ ತವರಿಗೆ ಹೋಗಬೇಕು. ನನಗಿದ್ದದ್ದು ಅದೊಂದೇ ಆಸೆ.

ಹೆಮ್ಮಾಡಿಯಲ್ಲಿ ನಿಂತದ್ದು

ಮೊದಲ ಪ್ರಯಾಣದಲ್ಲೇ ಮಗ ವಾಂತಿ ಮಾಡಿದ. ಹೆಮ್ಮಾಡಿಯಲ್ಲಿ ನಿಲ್ಲಿಸಿ ಅವನ ಬಾಯಿ ತೊಳೆಸುತ್ತಿದ್ದಾಗ, ಮೀನು ಮಾರುವ ಹೆಂಗಸೊಬ್ಬಳು ಖಾಲಿ ಬುಟ್ಟಿ ಒಳಗಿಟ್ಟು ಕೂತೇಬಿಟ್ಟಳು.

"ವಂಡ್ಸಿಗ್ ಹೋತ್ತಲ್ದಾ?"

"ಇದು ಬಾಡಿಗೆ ಗಾಡಿ ಅಲ್ಲ, ಮನೆ ಗಾಡಿ."

"ಆಯ್ಲಿ ಮಾರಾಯ್ರೆ. ಮಕ್ಳನ್ನ್ ತೊಡಿ ಮೇಲ್ ಕೂರ್ಸ್ಕಣಿ, ಇನ್ನೂ ಮೂರ್ ಜನ ಹಿಡಿತ್ತ್."

ಆ ಮೂವರೂ ಅಷ್ಟರಲ್ಲಿ ಹತ್ತಿಯಾಗಿತ್ತು. ಬೈಂದೂರಿಗೆ ನೇರ ಹೋಗಬೇಕಾದವರು ಅವತ್ತು ವಂಡ್ಸೆ ನೋಡಿಕೊಂಡು ಹೋದೆವು.

ಕಿಟಕಿಯ ನ್ಯಾಯ

ವ್ಯಾನಿನ ತುಂಬ ಸೀಟಿದ್ದರೂ ಮಕ್ಕಳಿಬ್ಬರಿಗೂ ಬೇಕಾದದ್ದು ನನ್ನ ಪಕ್ಕದ, ಕಿಟಕಿಯ ಸೀಟೇ. ಶಂಕರನಾರಾಯಣಕ್ಕೆ ಹೊರಟ ದಿನ ಜಗಳ ಜುಟ್ಟು ಹಿಡಿಯುವವರೆಗೆ ಹೋಯಿತು. ನನ್ನ ಅಮ್ಮ, "ಗಲಾಟಿ ಬ್ಯಾಡ, ನಾನೇ ಕೂಕಂತೆ" ಎಂದು ಅಲ್ಲಿ ಕೂತರು. ಗಾಳಿ ಹೊಡೆಯುತ್ತದೆಂದು ಗಾಜು ಏರಿಸಿದರು. ಆಮೇಲೆ ದಾರಿಯುದ್ದಕ್ಕೂ ನಿದ್ದೆ ಮಾಡಿದರು.

ಮದುವೆಗೆ ಹೊರಟದ್ದು

ಬೈಂದೂರಿನಲ್ಲಿ ಹೆಂಡತಿಯ ಚಿಕ್ಕಪ್ಪನ ಮಗನ ಮದುವೆ. ಈ ಸಲ ನಾವು ನಾಲ್ಕೇ ಜನ ಎಂದು ಪಟ್ಟು ಹಿಡಿದಿದ್ದೆ. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ನನ್ನ ಸೋದರತ್ತೆ, ಹಿಂದೆ ಅವರ ಇಡೀ ಮನೆ.

"ಗಾಡಿ ಖಾಲಿ ಹೋಪ್ದ್ ಎಂತಕ್ಕೆ ಮಾಣಿ? ನಾವೂ ಬತ್ತೊ."

ಇಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಹಿಂದೆ ಕಾಲಿಡಲೂ ಜಾಗವಿಲ್ಲ. ಹೆಂಡತಿ ನನ್ನ ಮುಖವನ್ನೂ ನೋಡದೆ ಮಕ್ಕಳ ಕೈ ಹಿಡಿದು ಬಸ್‌ಸ್ಟಾಪಿಗೆ ನಡೆದಳು. ನಾನು ಕೀಲಿಯನ್ನು ಅತ್ತೆಯ ಮಗನ ಕೈಗೆ ತುರುಕಿ, "ನೀನೇ ಬಿಡ್ಕಂಡ್ ಹೋಗ್" ಎಂದು ಅವಳ ಹಿಂದೆ ಓಡಿದೆ.

ಬಸ್ಸಿನಲ್ಲಿ ನಾಲ್ವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ವ್ಯಾನು ಹಾರನ್ ಹೊಡೆಯುತ್ತಾ ಬಸ್ಸನ್ನು ದಾಟಿತು. ಅತ್ತೆ ನಗುತ್ತಾ ಕೈ ಬೀಸಿದರು.

ಪರಿಚಯದ ಕಂಡಕ್ಟರ್ ಬಗ್ಗಿ ನೋಡಿ ಕೇಳಿದ, "ಅದ್ ನಿಮ್ ವ್ಯಾನ್ ಅಲ್ದಾ? ಮಾರ್ದ್ರಿಯಾ?"

ಹೆಂಡತಿಯೇ ಉತ್ತರ ಕೊಟ್ಟಳು:

"ಇಲ್ಲೆ ಮಾರಾಯ್ರೆ. ಅದ್ ಫ್ಯಾಮಿಲಿ ಗಾಡಿ ಅಲ್ದಾ? ಫ್ಯಾಮಿಲಿ ಅದ್ರಗ್ ಹೋತಾ ಇತ್ತ್."