ಲಾಭ, ಎರಡು, ಮೂರು

ಮುಂಜಾನೆ ಚಹಾದ ಜೊತೆ ಬಿಸ್ಕೀಟು ಕೊಟ್ಟು, ಎಣಿಸು ಎಂದದ್ದೇ ತಪ್ಪಾಯಿತು. ನಾಲ್ಕು ವರ್ಷದ ಪಂಪಾವತಿ ತಟ್ಟೆಯ ಮೇಲೆ ಬೆರಳಿಟ್ಟು, "ಲಾಭ, ಎರಡು, ಮೂರು" ಎಂದಳು.

ರಾಜಶ್ರೀಯ ಕೈಯ ಚಹಾ ಸೀರೆಗೆ ಚೆಲ್ಲಿತು. ಮಧ್ಯಾಹ್ನ ಸಿಂಧನೂರಿನ ಹೊಸ ಶಾಲೆಯಲ್ಲಿ ಮಗಳ ಪರೀಕ್ಷೆ. ಉಳಿದದ್ದು ಒಂದೇ ಸೀಟು. ಅದು ತಪ್ಪಿದರೆ ಕೂಸು ಸಾಲಗುಂದದಲ್ಲಿ ತನ್ನಪ್ಪನ ಹತ್ತಿರವೇ ಇರಲಿ, ಅಲ್ಲೇ ಅಂಗನವಾಡಿಗೆ ಹೋಗಲಿ ಎಂದು ಗಂಡ ವೀರೇಂದ್ರ ಹೇಳಿಬಿಟ್ಟಿದ್ದ. ಗಂಡ ದಿನವಿಡೀ ಬಾಯಿಬಿಡದ ಈ ಮನೆಯಲ್ಲಿ ರಾಜಶ್ರೀಗೆ ಮಾತಿಗೆ ಸಿಗುವ ಜೀವ ಇದೊಂದೇ.

"ಒಂದು ಅನ್ನಬೇ."

"ಒಂದು ಅನಬಾರ್ದು. ಅಂದ್ರ ರಾಶಿ ಒಂದಕ್ಕೇ ನಿಂದರತೈತಿ. ತಾತ ಹೇಳ್ಯಾನ."

ಬೇಸಿಗೆಯಲ್ಲಿ ಸಾಲಗುಂದದ ಕಣದಲ್ಲಿ ಜೋಳ ಅಳೆಯುವಾಗ ತಾತ ಆದೆಪ್ಪ, ಹಿರಿಯರ ಪದ್ಧತಿಯಂತೆ, ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದ. ಪಕ್ಕದಲ್ಲಿ ಕುಳಿತ ಕೂಸು ಅದನ್ನೇ ನುಂಗಿಕೊಂಡು ಬಂದಿತ್ತು.

ಗದ್ದಲ ಕೇಳಿ ಪಕ್ಕದ ಮನೆಯ ಮುನ್ನಿಬೀ ಬಂದಳು. "ಯಾಕ ಬಡಕೋತಿಯವ್ವ, ನಮ್ಮ ಮಾತಿನಾಗ ಕಲಸ್ತೀನಿ ಬಿಡು. ಬೋಲ್ ಬೇಟಿ, ಏಕ್, ದೋ, ತೀನ್."

"ಲಾಭ, ದೋ, ತೀನ್."

ಸೊಸೆ ಟೀಚರ್ ಆದಂದಿನಿಂದ ತಾನೇ ಹೆಡ್‌ಮಾಸ್ತರಂತೆ ಓಡಾಡುವ ಎದುರುಮನೆಯ ಕಸ್ತೂರೆಮ್ಮ ಸೀಮೆಸುಣ್ಣ ತಂದು ಗೋಡೆಯ ಮೇಲೆ ಆಳೆತ್ತರದ 1 ಬರೆದಳು.

"ಇದೇನು ಹೇಳು."

"ಕೋಲು."

"ಖರೇನ ಹೇಳ್ಯಾಳ ನೋಡು" ಎಂದಳು ಮುನ್ನಿಬೀ.

ಕಸ್ತೂರೆಮ್ಮ ಬಿಡಲಿಲ್ಲ. ಬೆಲ್ಲ ತರಿಸಿದಳು. "ಒಂದು ಅಂದ್ರ ಒಂದು ಚೂರು ಕೊಡ್ತೀನಿ."

ಕೂಸು ಚೂರನ್ನು ನೋಡಿತು, ಬೆಲ್ಲದ ಅಚ್ಚನ್ನೂ ನೋಡಿತು. "ಲಾಭ ಅಂದ್ರ?"

ಮುನ್ನಿಬೀ ಇಡೀ ಅಚ್ಚನ್ನೇ ಅದರ ಕೈಗಿಟ್ಟಳು. "ಲೆಕ್ಕ ಕೂಸಿಂದೇ ಸರಿ ಐತಿ ತಗೋ."

ಹೊತ್ತೇರುವುದರೊಳಗೆ ಓಣಿಯ ಹುಡುಗರೆಲ್ಲ ಗೋಲಿಗುಂಡನ್ನು ಲಾಭದಿಂದ ಎಣಿಸತೊಡಗಿದರು. ನಳದ ಹತ್ತಿರ ಕಸ್ತೂರೆಮ್ಮನೇ ತನ್ನ ಕೊಡಗಳಿಗೆ, "ಲಾಭ, ಎರಡು" ಎಂದು, ನಾಲಿಗೆ ಕಚ್ಚಿಕೊಂಡು ಅತ್ತಿತ್ತ ನೋಡಿದಳು.

ಮಗಳಿಗೆ ಜಡೆ ಹಾಕುತ್ತ ರಾಜಶ್ರೀಯ ಕೈ ನಿಧಾನವಾಯಿತು. ತನಗೆ ಶಾಲೆಯಲ್ಲಿ ಕಲಿಸಿದ 'ಒಂದು' ಬರೀ ಒಂಟಿ ಗೆರೆ. ಈ ಅಂಗೈಯಗಲದ ತಲೆಯೊಳಗೆ ಲೆಕ್ಕ ಶುರುವಾಗುವುದೇ ತುಂಬಿಬರಲಿ ಎಂಬ ಹಾರೈಕೆಯಿಂದ. ಇದನ್ನು ತಿದ್ದುವಷ್ಟು ತಾನು ಯಾವ ದೊಡ್ಡವಳು ಎನಿಸಿತು. ಆದರೂ ಸಾಲಗುಂದ ಕಣ್ಣ ಮುಂದೆ ಬಂತು.

"ಅಲ್ಲಿ ಲಾಭ ಅಂದ್ರ ನಿನ್ನ ತಾತನ ಊರಿಗೆ ಕಳಸ್ತಾರ. ಅವ್ವ ಇಲ್ಲೇ ಉಳೀತಾಳ."

ಕೂಸು ಅವ್ವನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿತು.

ಶಾಲೆಯ ಅಧ್ಯಕ್ಷರು ರೈಸ್‌ಮಿಲ್ಲಿನ ಸಿದ್ದಲಿಂಗೇಶ. ಕುರ್ಚಿಯಲ್ಲಿ ಬಾಯಿ ಹೊಲಿದ ಭತ್ತದ ಚೀಲದಂತೆ ಕುಳಿತಿದ್ದರು. ಟೀಚರು ಬಣ್ಣದ ಮಣಿಗಳನ್ನು ಮೇಜಿನ ಮೇಲೆ ಸುರುವಿದಳು. ಪಂಪಾವತಿ ಎದ್ದುನಿಂತು, "ಒಂದು, ಎರಡು, ಮೂರು" ಎಂದು ತಡವರಿಸದೆ ಹತ್ತು ಮುಟ್ಟಿದಳು. ಕಾರ್ಡು ತೋರಿಸಿದರೆ ಅಂಕಿಗಳನ್ನೂ ಗುರುತು ಹಿಡಿದಳು, ಕೋಲನ್ನೂ ಒಂದು ಎಂದಳು.

"ಸೀಟು ನಿಮ್ದೇ ರೀ" ಎಂದಳು ಟೀಚರು.

ಅಷ್ಟಕ್ಕೆ ಎದ್ದು ಬರಬೇಕಿತ್ತು. ಹಿಗ್ಗು ಉಕ್ಕಿದ ಹಾಲಿನಂತೆ ರಾಜಶ್ರೀಯ ಬಾಯಿಂದ ಹೊರಚೆಲ್ಲಿತು. "ಮುಂಜಾನಿತನಕ ಲಾಭ, ಎರಡು ಅಂತಿದ್ಲು ನೋಡ್ರಿ."

ಅಧ್ಯಕ್ಷರು ಕೂಸಿನ ಕಡೆ ಮುಂದಕ್ಕೆ ಬಾಗಿದರು. "ನಮ್ಮಪ್ಪಾನೂ ಹಂಗ ಅಳೀತಿದ್ದ. ಮತ್ತ ನಮ್ಮ ಮಣಿಗೆ ಯಾಕ ಲಾಭ ಅನಲಿಲ್ಲವ್ವ?"

"ಇವು ನಮ್ಮವಲ್ಲಲ್ಲ. ನಿಮ್ಮ ರಾಶಿ ಹೆಚ್ಚಾದ್ರ ನಮಗೇನು?"

ಸಿದ್ದಲಿಂಗೇಶರು ನಿಧಾನ ಎದ್ದು ಆ ಕೂಸಿಗೆ ಕೈಮುಗಿದರು.

"ಇಷ್ಟು ವರ್ಷ ಯಾಪಾರ ಮಾಡೀನಿ, ಇದು ನನಗ ಹೊಳೆದಿದ್ದಿಲ್ಲ. ಇಂಥ ವಿದ್ಯಾ ನಮ್ಮ ಸಾಲ್ಯಾಗ ಸಿಗಂಗಿಲ್ಲ ತಂಗಿ. ಸೀಟು ಬ್ಯಾರೆ ಯಾರಿಗರೆ ಕೊಡ್ತೀನಿ. ಈಕಿನ್ನ ಇನ್ನೊಂದು ವರ್ಷ ತಾತನ ಹತ್ರನೇ ಬಿಡ್ರಿ. ನಿಮ್ಮ ಯಜಮಾನ್ರಿಗೆ ನಾನೇ ಹೇಳ್ತೀನಿ, ಅವರ ನಂಬರ್ ಕೊಡ್ರಿ."

"ನೆನಪಿಲ್ರಿ" ಎಂದಳು ರಾಜಶ್ರೀ ತಟ್ಟನೆ.

ಅವ್ವ ಮರೆತದ್ದನ್ನು ಕಂಡು ಮರುಗಿದ ಪಂಪಾವತಿ ಮೇಜಿಗೆ ಕೈಯೂರಿ, ಅಪ್ಪನ ನಂಬರಿನ ಹತ್ತೂ ಅಂಕಿಗಳನ್ನು ಒಂದೂ ತಪ್ಪದಂತೆ ಹೇಳಿದಳು.