ತೊಳೆದ ಬೀಜ

ಉಳಿಸಿದ್ದು ನೂರಿಪ್ಪತ್ತು ರೂಪಾಯಿ. ಅದಕ್ಕೆ ಬಿದ್ದ ಖರ್ಚೆಂದರೆ ಒಂದು ಟೆಂಪೊ ಸೋಯಾ ಹೊಟ್ಟು, ತಂಗಿಯ ಇಪ್ಪತ್ತು ದಿನದ ದುಡಿಮೆ, ಭಾಲ್ಕಿಯ ಒಂದು ಓಣಿಯಲ್ಲಿ ನನಗಿದ್ದ ಮರ್ಯಾದೆ. ಕಾರಣ, ಯಾವ ಮಾಲಿನಲ್ಲಾದರೂ ಐಬು ತೋರಿಸಿ ಬೆಲೆ ಇಳಿಸುವ ನನ್ನ ಚಟ. ಬೀದರಿನಲ್ಲಿ ತಳ್ಳುಗಾಡಿಯ ಮೇಲೆ ಪಾತ್ರೆ ಮಾರಿ, ಮೈಲೂರಿನಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಹೆಣ್ಣು ನೋಡಲು ಹೋದಾಗಲೂ ಅವರ ಮನೆಯ ಹಂಡೆಯ ತೂತನ್ನೇ ಮೊದಲು ನೋಡಿದೆನೆಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಭಾಲ್ಕಿಯ ತಂಗಿ ಮಹಾನಂದಾಳಿಗೆ ಡಾಕ್ಟರರು ಮೈಗೆ ಶಕ್ತಿ ಬರುವಂಥದ್ದು ತಿನ್ನಲು ಹೇಳಿದ್ದರು. ಮೊಟ್ಟೆ ಅವರ ಹೊಸ್ತಿಲು ದಾಟುವುದಿಲ್ಲ. ಅಣಬೆ ಬೆಳೆಸೋಣ, ತಿಂದು ಉಳಿದದ್ದು ಮಾರೋಣ ಎಂದಳು. ಔರಾದ ಕಡೆಯ ಠಾಣಾ ಕುಶನೂರಿನಲ್ಲಿ ರಾಶಿಯಾದ ಮೇಲೆ ಸುಟ್ಟುಹಾಕುವ ಸೋಯಾ ಹೊಟ್ಟನ್ನು ನಾನೇ ಹೇರಿಕೊಂಡು ಬಂದೆ; ಅಣಬೆ ಬೆಳೆಯುವುದು ಅದರಲ್ಲೇ. ಅಣಬೆ ಬೀಜ ಮಾತ್ರ ಕಮಠಾಣದ ಸುನೀತಾಳ ಹತ್ತಿರ. ತರಬೇತಿ ಪಡೆದು, ಮನೆಯ ಒಂದು ಕೋಣೆಯಲ್ಲಿ ಬೀಜ ತಯಾರಿಸಿ ಮಾರುತ್ತಿದ್ದಳು; ಅದೇ ಅವಳ ಹೊಟ್ಟೆಪಾಡು.

ಅವಳು ಕೊಟ್ಟ ಚೀಲದಲ್ಲಿ ಇದ್ದದ್ದು ಜೋಳ! ಅದರ ಮೇಲೆಲ್ಲ ಬಿಳಿ ಬೂಷ್ಟು. ಜೋಳದ ರೊಟ್ಟಿ ತಿಂದೇ ಬೆಳೆದವನಿಗೆ ಬೂಷ್ಟು ಹಿಡಿದ ಜೋಳ ಮಾರುವುದೆ?

“ಏನವ್ವಾ, ಇದರ ಮ್ಯಾಲ ಹತ್ತಿ ಬೆಳದದಲ್ಲ!”

“ಅಣ್ಣಾರ, ಆ ಬಿಳಿದೇ ರೀ...”

“ಬಿಳಿದೇ ಕಾಣಕತ್ತದ, ನನಗೇನ ಕಣ್ಣಿಲ್ಲೇನು? ಅರ್ಧಾ ರೇಟ್ ಹಚ್ಚು.”

ನಾಲ್ಕು ಗಿರಾಕಿಗಳ ಎದುರು ಗದ್ದಲ ಬೇಡವೆಂದೋ ಏನೋ, ಅರ್ಧ ಬೆಲೆಗೇ ಕೊಟ್ಟಳು. ನೂರಿಪ್ಪತ್ತು ಉಳಿಯಿತು. ಗೆದ್ದೆ ಎಂದುಕೊಂಡೆ. ಭಾಲ್ಕಿಗೆ ಹೋಗಿ ಜೋಳವನ್ನು ಮೂರು ನೀರಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಆರಿಸಿ ತಂಗಿಯ ಕೈಗಿಟ್ಟೆ. ಸಾಲದ್ದಕ್ಕೆ “ಕಮಠಾಣದಾಕಿ ಹಾಳ ಜೋಳ ಮಾರ್ತಾಳ” ಎಂದು ಓಣಿಯಲ್ಲೆಲ್ಲ ಸಾರಿದೆ. ಸುನೀತಾಳಿಗೆ ಬೀಜ ಬೇಕೆಂದು ಹೇಳಿದ್ದ ಓಣಿಯ ಇಬ್ಬರು ಹೆಣ್ಣುಮಕ್ಕಳು ಬೇಡವೆಂದು ಫೋನ್ ಮಾಡಿದರು.

ತಂಗಿ ಆ ಜೋಳವನ್ನು ಬೇಯಿಸಿದ ಹೊಟ್ಟಿಗೆ ಬೆರೆಸಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದಳು. ಇಪ್ಪತ್ತು ದಿನಕ್ಕೆ ಅವುಗಳಿಂದ ಹೊರಟದ್ದು ಅಣಬೆಯಲ್ಲ, ಹುಳಿ ನಾತ. ತಂಗಿ ಸುನೀತಾಳನ್ನೇ ಕರೆಸಿದಳು. ಓಣಿಯವರೂ ಸೇರಿದರು. ಸುನೀತಾ ಒಂದು ಚೀಲ ಸೀಳಿ ಹುಡುಕಿದಳು.

“ಅಣ್ಣಾರ, ಬೀಜ ಎಲ್ಲಿ ರೀ?”

“ಇವೇ ಅಲ್ಲೇನವ್ವಾ. ಸ್ವಚ್ಛ ತೊಳದೀನಿ.”

ಸುನೀತಾ ನಗಲಿಲ್ಲ. “ಆ ಬಿಳಿದೇ ಅಣಬಿ ರೀ. ಜೋಳ ಅದಕ್ಕ ಊಟ ಅಷ್ಟೇ,” ಎಂದಳು. ಪಕ್ಕದ ಮನೆಯ ಮುದುಕಿ ಬಿಡಬೇಕಲ್ಲ: “ಮೊಸರಿಗಿ ಹೆಪ್ಪ ಹಾಕೂ ಮುಂದ ಹೆಪ್ಪೂ ತೊಳಿತೀಯೇನೋ ತಮ್ಮಾ?” ಓಣಿಗೆ ಓಣಿಯೇ ನಕ್ಕಿತು.

ನಕ್ಕವರ ನಗು ಹೋಗಲಿ. ಸುನೀತಾ ಚೀಲದ ಬಾಯಿ ಕಟ್ಟುತ್ತ, “ನಿಮ್ಮ ಮಾತಿಗಿ ಎರಡು ಗಿರಾಕಿ ಹೋದವು ರೀ,” ಎಂದಳು. ಅವತ್ತೇ ಆ ಎರಡೂ ಮನೆಗೆ ಹೋಗಿ, ಕಟ್ಟೆಯ ಮೇಲೆ ನಿಂತು, “ತಪ್ಪು ನಂದ್ರಿ, ನಾನೇ ತೊಳದೀನಿ” ಎಂದೆ. ಒಬ್ಬಳು ಬಿದ್ದು ಬಿದ್ದು ನಕ್ಕು ಮತ್ತೆ ಬೀಜ ಹೇಳಿದಳು. ಇನ್ನೊಬ್ಬಳು ಇನ್ನೂ ಹೇಳಿಲ್ಲ.

ನೀವೂ ಬೆಳೆಸುವವರಾದರೆ ಕೇಳಿ. ಹೊಟ್ಟನ್ನು ನೆನೆಸಿ, ಕುದಿನೀರಿನಲ್ಲಿ ಬೇಯಿಸಿ, ಸೋಸಿ ಆರಿಸಿ. ಹಿಡಿದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬೀಜ ಬೆಳ್ಳಗಿದ್ದಷ್ಟೂ ಒಳ್ಳೆಯದು, ಹಸಿರೋ ಕಪ್ಪೋ ಕಂಡರೆ ಮಾತ್ರ ಬೇಡವೆನ್ನಿ. ತೊಳೆಯಬೇಕಾದದ್ದು ನಿಮ್ಮ ಕೈ. ಬೀಜಕ್ಕೆ ಕಮಠಾಣಕ್ಕೇ ಹೋಗಿ, ಸುನೀತಾ ಹೇಳಿದ ಬೆಲೆ ಕೊಡಿ. ನನ್ನ ಹೆಸರು ಮಾತ್ರ ಹೇಳಬೇಡಿ.